ತವರಿನ ಹೆಸರನ್ನೂ ಕೇಳಿ

ನಾನು ನಿವೃತ್ತನಾದ ಮೇಲೆ ನನ್ನ ಕುರ್ಚಿಗೆ ಬಂದ ಹೆಣ್ಣುಮಗಳು ಒಂದು ದಿನ ನರೋಣಾದಿಂದ ಫೋನ್ ಮಾಡಿದಳು. "ಸರ್, ರೋಗಿ ಮನಿಗಿ ಕೀಲಿ ಹಾಕ್ಯಾರ್ರಿ. ಬಾಜೂ ಮನಿಯವ್ರು ಗುಳೆ ಹೋಗ್ಯಾರ ಅನ್ನಾಕತ್ತಾರ. ಕಾಗದದಾಗ ಏನ್ ಬರೀಲ್ರಿ?"

ಏನು ಬರೆಯಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? 'ಊರು ಬಿಟ್ಟಿದ್ದಾರೆ.' ಈ ಎರಡು ಪದಗಳನ್ನು ನಾನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಬರೆದು ಪೆನ್ನಿನ ಟೋಪಿ ಹಾಕಿದರೆ ಅಲ್ಲಿಗೆ ಕೆಲಸ ಮುಗಿಯಿತೆಂದೇ ಬಹಳ ವರ್ಷ ತಿಳಿದಿದ್ದೆ. ಅವಳಿಗೆ ಫೋನಿನಲ್ಲಿ ಉತ್ತರ ಹೇಳಲಾಗಲಿಲ್ಲ. "ಇವತ್ತಿಗಿ ಅದನ್ನ ಬರಿ ತಂಗಿ, ಉಳಿದಿದ್ದು ನಾನು ಬರದು ಕೊಡ್ತೇನಿ" ಅಂದೆ. ಅದನ್ನೇ ಈಗ ಬರೆಯುತ್ತಿದ್ದೇನೆ. ರೋಗಿಗಳ ಹೆಸರುಗಳನ್ನು ಬದಲಿಸಿದ್ದೇನೆ, ಊರುಗಳನ್ನು ಬದಲಿಸಿಲ್ಲ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳಲ್ಲಿ ನನ್ನ ನೌಕರಿ ಕಳೆಯಿತು. ಆರೋಗ್ಯ ಸಹಾಯಕನಾಗಿ ಸೇರಿ ಕ್ಷಯ ವಿಭಾಗಕ್ಕೆ ಬಂದವನು ಮತ್ತೆ ಅಲ್ಲಿಂದ ಕದಲಲಿಲ್ಲ. ಕೆಮ್ಮುವವರನ್ನು ಹುಡುಕುವುದು, ಕಫ ಪರೀಕ್ಷೆಗೆ ಕಳಿಸುವುದು, ರೋಗ ಇದ್ದವರಿಗೆ ಆರು ತಿಂಗಳು ತಪ್ಪದೆ ಗುಳಿಗೆ ನುಂಗಿಸುವುದು ನನ್ನ ಕೆಲಸ. ಸರ್ಕಾರ ಕೊಟ್ಟ ಮೋಟರ್ ಸೈಕಲ್ ಇತ್ತು. ಅಕ್ಷರ ಚೆನ್ನಾಗಿತ್ತು. ಸಿಟ್ಟು ಮೂಗಿನ ಮೇಲೆಯೇ ಇತ್ತು. ಅಕ್ಷರದ ಬಗ್ಗೆ ಹೆಮ್ಮೆಪಟ್ಟೆ, ಸಿಟ್ಟಿನ ಬಗ್ಗೆ ಯೋಚಿಸಲಿಲ್ಲ. ಎರಡರಿಂದಲೂ ರೋಗಿಗಳಿಗೆ ತೊಂದರೆಯಾಯಿತು.

ಸಿಟ್ಟಿನ ಕತೆ ಮೊದಲು ಹೇಳುತ್ತೇನೆ, ಅದರಲ್ಲಿ ಸ್ವಲ್ಪ ನಗುವುದಕ್ಕೂ ಜಾಗವಿದೆ. ಜೇವರ್ಗಿ ತಾಲ್ಲೂಕಿನ ಅಂದೋಲಾದಲ್ಲಿ ಸಾಯಬಣ್ಣ ಎಂಬವನಿದ್ದ. ಹೈದರಾಬಾದಿನಲ್ಲಿ ಕಟ್ಟಡದ ಕೆಲಸ ಮಾಡಿ ಕೆಮ್ಮುತ್ತ ಊರಿಗೆ ಬಂದಿದ್ದ. ಕಫ ಹಾಕಿ ತಾ ಎಂದು ಡಬ್ಬಿ ಕೊಟ್ಟರೆ ಎರಡು ಸಲ ಬರೀ ಉಗುಳು ತಂದ. ಮೂರನೆಯ ಸಲ ಹಂಗೇ ತಂದರೆ ನೋಡು ಎಂದು ಎಲ್ಲರ ಮುಂದೆ ಜೋರು ಮಾಡಿದೆ. ಮರುದಿನ ಒಳ್ಳೆಯ ಕಫ ಬಂತು. ಪರೀಕ್ಷೆಯಲ್ಲಿ ರೋಗವೂ ಕಂಡಿತು. ಗುಳಿಗೆ ಹಿಡಿದು ಅವನ ಮನೆಗೆ ಹೋದರೆ ಸಾಯಬಣ್ಣ ಕೈ ಹಿಸುಕಿಕೊಳ್ಳುತ್ತ ನಿಂತ. "ಸಾಹೇಬ್ರೆ, ಸಿಟ್ಟಾಗಬ್ಯಾಡ್ರಿ. ಎಷ್ಟು ಕ್ಯಾಕರಿಸಿದ್ರೂ ನಂದು ಬರ್ಲಿಲ್ರಿ. ಬಾಜೂ ಮನಿ ಮುತ್ಯಾಂದು ಛಲೋ ಬರ್ತದ. ಅವನ ಕಡಿಂದ ಹಾಕಿಸ್ಕೊಂಡು ಬಂದೀನ್ರಿ."

ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ ಪಕ್ಕದ ಮನೆಗೆ ಹೋದರೆ ಆ ಮುದುಕ ಮುತ್ಯಾ ಎರಡು ವರ್ಷದಿಂದ ಕೆಮ್ಮುತ್ತಿದ್ದ, ಯಾರೂ ಅವನನ್ನು ಕೇಳಿರಲಿಲ್ಲ. ಆರು ತಿಂಗಳಲ್ಲಿ ವಾಸಿಯಾದ. ಸಾಯಬಣ್ಣನಿಗೆ ಇದ್ದದ್ದು ಸಿಮೆಂಟಿನ ಧೂಳಿನ ಕೆಮ್ಮು. ಈ ಕತೆಯನ್ನು ಆಫೀಸಿನಲ್ಲಿ ಹೇಳಿ ಹೇಳಿ ನಗಿಸಿದ್ದೇನೆ. ನನ್ನ ಸಿಟ್ಟಿಗೆ ಹೆದರಿ ಒಬ್ಬ ಮನುಷ್ಯ ಬೇರೆಯವನ ಕಫ ತರುವ ಮಟ್ಟಕ್ಕೆ ಹೋದನಲ್ಲ, ಆ ಭಾಗ ಮಾತ್ರ ಆಗ ನನಗೆ ಹೊಳೆಯಲಿಲ್ಲ.

ನಮ್ಮ ಮೇಲಧಿಕಾರಿ ಡಾಕ್ಟರು ಬೀದರ ಕಡೆಯವರು, ಮಾತು ಕಡಿಮೆ. ಒಮ್ಮೆ ಅಫಜಲಪುರದಲ್ಲಿ ನನ್ನ ದಾಖಲೆ ಪುಸ್ತಕವನ್ನು ಪುಟ ಪುಟ ತಿರುವಿ ನೋಡಿದರು. ಹೊಗಳುತ್ತಾರೆಂದು ಕಾದು ನಿಂತೆ. "ಅಕ್ಷರ ಭಾಳ ಛಂದ ಅವ. ಈ 'ಊರು ಬಿಟ್ಟಿದ್ದಾರೆ' ಅಂತ ಬರದೀರಲ್ಲ, ಇವ್ರೆಲ್ಲ ಈಗ ಎಲ್ಲಿ ಅದಾರ?" ಎಂದರು. "ಗುಳೆ ಹೋಗ್ಯಾರ್ರಿ ಸರ್" ಅಂದೆ. "ಎಲ್ಲಿಗಿ?" ಪುಸ್ತಕದ ಆ ಸಾಲುಗಳಲ್ಲಿ ಊರಿನ ಹೆಸರು ಹುಡುಕಿದೆ, ಬರೆದಿರಲಿಲ್ಲ. ಅವರು ಪುಸ್ತಕ ಮುಚ್ಚಿ ಚಹಾ ಕುಡಿದು ಹೋದರು. ಇಡೀ ದಿನ ನನ್ನ ಕೋಪ ಇಳಿಯಲಿಲ್ಲ. ಊರು ಬಿಟ್ಟು ಹೋದವರ ಬೆನ್ನು ಹತ್ತುವುದು ನನ್ನ ಕೆಲಸವೇ ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಗೊಣಗಿದೆ.

ಗುಳೆಯ ಕ್ರಮವನ್ನು ಹೊಸಬರಿಗೆ ಇಲ್ಲಿ ಹೇಳಬೇಕು. ದಸರೆ ಮುಗಿದು ದೀಪಾವಳಿ ಬರುವಷ್ಟರಲ್ಲಿ ಕಬ್ಬು ಕಡಿಯುವ ಟೋಳಿಗಳು ಟ್ರ್ಯಾಕ್ಟರ್ ಹತ್ತಿ ಸೋಲಾಪುರದ ಆಚೆಗೆ ಹೋಗುತ್ತವೆ. ಯುಗಾದಿಯ ಹೊತ್ತಿಗೆ ವಾಪಸು ಬರುತ್ತವೆ. ಟೋಳಿಯ ಮುಖ್ಯಸ್ಥ ಮುಕಾದಮ. ಅವನು ಆಳನ್ನು ಒಬ್ಬೊಬ್ಬರಾಗಿ ಲೆಕ್ಕ ಹಿಡಿಯುವುದಿಲ್ಲ. ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ. ಕೋಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಕಡಿಯಬೇಕು, ಹೆಂಡತಿ ಕಟ್ಟಿ ಹೊರಬೇಕು. ಹೆಂಡತಿಗೆ ಜಡ್ಡಾಗಿ ಅವಳು ಹಿಂದೆ ಉಳಿದರೆ ಗಂಡನೂ ಉಳಿಯಬೇಕಾಗುತ್ತದೆ. ಆದ್ದರಿಂದ ಹೆಂಡತಿ ಹಿಂದೆ ಉಳಿಯುವುದಿಲ್ಲ.

ಆಗ ನಮ್ಮ ಚಿಕಿತ್ಸೆಯ ಕ್ರಮವೂ ಬೇರೆ ಇತ್ತು. ಪ್ರತಿ ರೋಗಿಗೂ ಅವನ ಹೆಸರು ಬರೆದ ಒಂದು ಔಷಧದ ಡಬ್ಬಿ. ಆರು ತಿಂಗಳ ಗುಳಿಗೆ ಅದರಲ್ಲೇ. ಡಬ್ಬಿ ಊರಿನ ಅಂಗನವಾಡಿಯಲ್ಲೋ ಆಶಾ ಕಾರ್ಯಕರ್ತೆಯ ಮನೆಯಲ್ಲೋ ಇರಬೇಕು, ರೋಗಿ ವಾರಕ್ಕೆ ಮೂರು ದಿನ ಅಲ್ಲಿಗೆ ಬಂದು ಅವರ ಕಣ್ಣೆದುರೇ ನುಂಗಬೇಕು. ಡಬ್ಬಿಯನ್ನು ರೋಗಿಯ ಕೈಗೆ ಕೊಡುವಂತಿಲ್ಲ. ನಿಯಮಕ್ಕೆ ಕಾರಣವಿತ್ತು. ಕೊಟ್ಟರೆ ಅರ್ಧ ನುಂಗಿ ಅರ್ಧ ಬಿಡುತ್ತಾರೆ, ಅರ್ಧ ನುಂಗಿದರೆ ರೋಗ ಔಷಧಕ್ಕೆ ಬಗ್ಗದಂತಾಗುತ್ತದೆ. ನಾನು ನಿಯಮದ ಮನುಷ್ಯ.

ಕಸ್ತೂರಿ ಸಿಕ್ಕಿದ್ದು ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ, ಒಂದು ಶ್ರಾವಣದಲ್ಲಿ. ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡನ ಮನೆಯಲ್ಲಿ ಕೆಮ್ಮು ಹತ್ತಿ ಸೊರಗಿದ್ದಕ್ಕೆ ಪಂಚಮಿ ಹಬ್ಬದ ನೆವದಲ್ಲಿ ತವರಿಗೆ ಬಂದವಳು ಅಲ್ಲೇ ಉಳಿದಿದ್ದಳು. ಕಫದಲ್ಲಿ ರೋಗ ಕಂಡಿತು. ಹೊಳೆಯ ಕಡೆಯ ಓಣಿಯಲ್ಲಿದ್ದ ಅವಳ ತಾಯಿಯ ಮನೆಗೆ ಹೋಗಿ ಕಟ್ಟೆಯ ಮೇಲೆ ಕುಳಿತು ಎಲ್ಲ ತಿಳಿಸಿ ಹೇಳಿದೆ. "ಮಾತಾಡುವಾಗ, ಕೆಮ್ಮುವಾಗ ಮೂಗು ಬಾಯಿಗಿ ಸೆರಗು ಅಡ್ಡ ಹಿಡಿಬೇಕವ್ವ" ಎಂದೆ. ಅವಳು ಆ ಕ್ಷಣವೇ ಸೆರಗು ಹಿಡಿದಳು. ನಾನು ಇನ್ನೊಮ್ಮೆ ಹೋದಾಗಲೂ ಹಿಡಿದೇ ಇದ್ದಳು. ಹೇಳಿದ ಮಾತು ಕೇಳುವ ರೋಗಿ ಎಂದು ಮೆಚ್ಚಿಕೊಂಡೆ. ದಾಖಲೆಯಲ್ಲಿ ಬರೆದೆ: ಕಸ್ತೂರಿ, ತಂದೆ ಶರಣಪ್ಪ, ಮಣ್ಣೂರು.

ಎರಡು ತಿಂಗಳಲ್ಲಿ ಕೆಮ್ಮು ನಿಂತಿತು, ಮೈ ಹಿಡಿಯಿತು. ದೀಪಾವಳಿ ಹತ್ತಿರ ಬಂದಿತ್ತು. ಅವಳ ತಾಯಿ ಶಾಂತಾಬಾಯಿ ಬಸ್ಸು ಹತ್ತಿ ಅಫಜಲಪುರದ ದವಾಖಾನೆಗೆ ಬಂದಳು. ಗಂಡ ಕರೆಯಲು ಬಂದಿದ್ದಾನೆ, ಟೋಳಿ ನಾಳೆ ಹೊರಡುತ್ತದೆ.

"ಆ ಡಬ್ಬಿ ಕೊಡ್ರಿ ಸಾಹೇಬ್ರೆ. ರೊಟ್ಟಿ ಗಂಟಿನ್ಯಾಗ ಕಟ್ಟಿ ಕಳಸ್ತೇನಿ. ಅಕಿ ನುಂಗ್ತಾಳ, ಶ್ಯಾಣ್ಯಾ ಅದಾಳ" ಎಂದಳು.

"ಹಂಗ ಕೊಡಾಕ ಬರಂಗಿಲ್ಲವ್ವ. ಅಕಿ ಅಲ್ಲಿ ಹೋಗಿ ಅಲ್ಲೀ ದವಾಖಾನ್ಯಾಗ ಈ ಚೀಟಿ ತೋರಸ್ಲಿ, ಅವ್ರು ಕೊಡ್ತಾರ."

"ಅಲ್ಲಿ ದವಾಖಾನಿ ಎಲ್ಲಿ ಇರ್ತದರಿ? ಕಬ್ಬಿನ ಹೊಲದಾಗ ಇರ್ತಾರವ್ರು. ಮುಂಜಾನಿ ಕತ್ತಲಿದ್ದಾಗ ಹೋದ್ರ ಹೊತ್ತು ಮುಳಗಿದ ಮ್ಯಾಲೆ ಖೋಪಿ ಗುಡಿಸಲಿಗಿ ಬರ್ತಾರ. ಇವತ್ತ ಈ ಊರು, ಎಂಟ ದಿನಕ್ಕ ಮತ್ತೊಂದು ಊರು."

ಆಕೆ ಹೇಳಿದ್ದು ಅಕ್ಷರಶಃ ಖರೆ. ನಾನು ಕೇಳಲಿಲ್ಲ. ವರ್ಗಾವಣೆ ಚೀಟಿಯನ್ನು ಚೆಂದದ ಅಕ್ಷರದಲ್ಲಿ ಬರೆದು, ಮುದ್ರೆಯ ಸಿಕ್ಕಾ ಹೊಡೆದು ಕೊಟ್ಟೆ. ಆಕೆ ಓದಲು ಬಾರದ ಆ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು ಹೋದಳು. ಎರಡು ವಾರದ ಮೇಲೆ ನಾನು ಪುಸ್ತಕದಲ್ಲಿ ಬರೆದೆ: ಊರು ಬಿಟ್ಟಿದ್ದಾರೆ. ಡಬ್ಬಿ ಮಣ್ಣೂರಿನ ಅಂಗನವಾಡಿಯ ಕಪಾಟಿನಲ್ಲಿ ಉಳಿಯಿತು.

ಆ ಚಳಿಗಾಲದಲ್ಲಿ ನನಗೆ ಆಳಂದಕ್ಕೆ ವರ್ಗವಾಯಿತು. ಯುಗಾದಿ ಮುಗಿದು ಟೋಳಿಗಳು ಮರಳಿ ಬಂದವು. ಕೆಲವು ದಿನಗಳಲ್ಲೇ ನರೋಣಾದಿಂದ ಒಂದು ಕಫ ಬಂತು. ರೋಗವಿತ್ತು. ಮನೆ ಹುಡುಕಿಕೊಂಡು ಹೋದೆ. ಅತ್ತೆ ಗುರುಬಾಯಿ ಗಟ್ಟಿ ಹೆಂಗಸು, ಬಾಗಿಲಲ್ಲೇ ನಿಂತು ಮಾತಾಡಿದಳು. ಸೊಸೆ ಅವಳ ಹಿಂದೆ ತಲೆ ತುಂಬ ಸೆರಗು ಹೊದ್ದು, ಅದರ ತುದಿಯನ್ನು ಬಾಯಿಗೆ ಹಿಡಿದು ಕೆಮ್ಮುತ್ತಿದ್ದಳು. ಮಗ ಅಂಬಾರಾಯ ಮನೆಯಲ್ಲಿರಲಿಲ್ಲ. ನಾನು ಕಾಗದ ತೆಗೆದೆ.

"ಹೆಸರು?"

"ರುಕ್ಮಿಣಿರಿ" ಎಂದಳು ಅತ್ತೆ.

"ಈ ಮೊದಲ ಟಿಬಿ ಗುಳಿಗಿ ತಗೊಂಡಿದ್ದಳೇನು?"

"ಏ ಇಲ್ರಿ. ನಮ್ಮ ಮನ್ಯಾಗ ಅಂಥಾ ಜಡ್ಡು ಯಾರಿಗೂ ಬಂದಿಲ್ಲ."

ನಾನು ಸೊಸೆಯ ಕಡೆ ನೋಡಿ ಅದೇ ಪ್ರಶ್ನೆ ಕೇಳಿದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಇಲ್ಲವೆಂದು ತಲೆಯಾಡಿಸಿದಳು. ಆ ನೋಟ ನನಗೆ ಉದ್ಧಟತನ ಎನಿಸಿತು. ಬರೆದೆ: ರುಕ್ಮಿಣಿ, ಗಂಡ ಅಂಬಾರಾಯ, ನರೋಣಾ, ಹೊಸ ರೋಗಿ.

ಹೊಸ ರೋಗಿ ಎಂದು ಬರೆದರೆ ಹೊಸ ರೋಗಿಯ ಔಷಧ. ಮೊದಲು ಗುಳಿಗೆ ನುಂಗಿ ನಡುವೆ ಬಿಟ್ಟವಳು ಎಂದು ಬರೆದಿದ್ದರೆ ಅವಳ ಕಫವನ್ನು ಬೇರೆ ಪರೀಕ್ಷೆಗೆ ಕಳಿಸಬೇಕಿತ್ತು, ರೋಗ ಔಷಧಕ್ಕೆ ಬಗ್ಗುತ್ತದೋ ಇಲ್ಲವೋ ಅಲ್ಲಿ ತಿಳಿಯುತ್ತಿತ್ತು. ಒಂದು ಪದದ ಮೇಲೆ ಇಷ್ಟೆಲ್ಲ ನಿಂತಿತ್ತು.

ರುಕ್ಮಿಣಿ ಒಂದು ದಿನವೂ ತಪ್ಪಿಸದೆ ಗುಳಿಗೆ ನುಂಗಿದಳು. ಎರಡು ತಿಂಗಳಾದರೂ ಕಫದಲ್ಲಿ ರೋಗ ಹೋಗಲಿಲ್ಲ. ಮತ್ತೊಂದು ತಿಂಗಳು ಹೆಚ್ಚಿಗೆ ಕೊಟ್ಟೆವು. ಐದನೆಯ ತಿಂಗಳ ಪರೀಕ್ಷೆಯಲ್ಲೂ ಹಾಗೇ ಇತ್ತು. ಗುಳಿಗೆಯನ್ನು ಉಗುಳುತ್ತಿದ್ದಾಳೆಂದು ಅನುಮಾನಪಟ್ಟು ನಾನು ಅವಳಿಗೆ ಬಾಯಿ ತೆಗೆದು ತೋರಿಸು ಎಂದೆ. ಅವಳು ಬಾಯಿ ತೆಗೆದು ತೋರಿಸಿದಳು. ಇದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ. ಕೊನೆಗೆ ಕಫ ಬೇರೆ ಪರೀಕ್ಷೆಗೆ ಹೋಯಿತು. ಮುಖ್ಯವಾದ ಎರಡು ಔಷಧಗಳಿಗೂ ರೋಗ ಬಗ್ಗುವುದಿಲ್ಲ ಎಂದು ಉತ್ತರ ಬಂತು.

ಅದನ್ನು ಹೇಳಲು ನರೋಣಾಕ್ಕೆ ಹೋದ ದಿನ ಅವರ ಅಂಗಳದಲ್ಲಿ ಇನ್ನೊಬ್ಬ ಹೆಂಗಸು ಕುಳಿತಿದ್ದಳು. ಮಣ್ಣೂರಿನ ಶಾಂತಾಬಾಯಿ. ಆಕೆಯ ಮುಖ ನನಗೆ ಕೂಡಲೇ ಗುರುತು ಸಿಕ್ಕಿತು. ಡಬ್ಬಿ ಬೇಡಿದ ತಾಯಿ. ಒಂದು ಕ್ಷಣ ಈಕೆ ಇಲ್ಲೇಕೆ ಬಂದಳೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಆಕೆ ಒಳಗಿನ ಕಡೆ ತಿರುಗಿ, "ಕಸ್ತೂರಿ, ಸಾಹೇಬ್ರು ಬಂದಾರ ನೋಡವ್ವ" ಎಂದು ಕೂಗಿದಳು. ಒಳಗಿನಿಂದ ರುಕ್ಮಿಣಿ ಬಂದಳು.

ಅಕ್ಕಿಯ ತಟ್ಟೆಯಲ್ಲಿ ಸೊಸೆಗೆ ಹೊಸ ಹೆಸರು ಬರೆದು ಮನೆ ತುಂಬಿಸಿಕೊಳ್ಳುವ ಪದ್ಧತಿ ಈ ಗಡಿಭಾಗದ ಎಷ್ಟೋ ಮನೆಗಳಲ್ಲಿ ಇದೆ. ನನ್ನ ಹೆಂಡತಿಗೂ ತವರಿನಲ್ಲಿ ಒಂದು ಹೆಸರು, ನಮ್ಮ ಮನೆಯಲ್ಲಿ ಒಂದು ಹೆಸರು. ಆಕೆಯ ಅಣ್ಣಂದಿರು ಬಂದಾಗಲೆಲ್ಲ ಆ ಹಳೆಯ ಹೆಸರನ್ನು ಕೇಳುತ್ತಲೇ ಇದ್ದೆ. ಇಷ್ಟು ಗೊತ್ತಿದ್ದೂ ಒಬ್ಬ ಹೆಣ್ಣು ರೋಗಿಯನ್ನೂ ನಾನು ತವರಿನ ಹೆಸರು ಕೇಳಿರಲಿಲ್ಲ. ಕಾಗದದಲ್ಲಿ ಹೆಸರಿಗೆ ಇದ್ದದ್ದು ಒಂದೇ ಖಾನೆ.

ಅಂಗಳದಲ್ಲೇ ಶಾಂತಾಬಾಯಿಯನ್ನು ಕೇಳಿದೆ, ಇವಳೇ ನನ್ನ ಮಗಳು ಎಂದಳು. ಮಣ್ಣೂರಿನಲ್ಲಿ ಗುಳಿಗೆ ನುಂಗಿದ ಸಂಗತಿ ಅತ್ತೆಯ ಎದುರಿಗೇ ಹೊರಬಿತ್ತು. "ಅವತ್ತ ನಾನು ಕೇಳಿದಾಗ ಯಾಕ ಹೇಳ್ಲಿಲ್ಲ ತಂಗಿ?" ಎಂದು ಕೇಳಿದೆ. ಅವಳಿಗೆ ಮಾತಾಡಲು ದಮ್ಮು ಸಾಲುತ್ತಿರಲಿಲ್ಲ. ನಿಂತು ನಿಂತು ಹೇಳಿದಳು.

"ನಾನಾಗೇ ಹೇಳಿದ್ರ ಮನಿ ಬಿಡಸ್ತಾರಂತ ಅಂಜಿಕಿ ಇತ್ರಿ. ಆದ್ರ ನಿಮಗ ನನ್ನ ಗುರ್ತ ಸಿಗ್ತದ ಅಂತ ಮಾಡಿದ್ದೆ. ನೀವಽ ಹೇಳ್ತೀರಿ ಅಂತ ನೋಡ್ಕೋತ ನಿಂತೆ."

ಮಣ್ಣೂರಿನಲ್ಲಿ ನಾನು ಅವಳ ಮುಖವನ್ನು ನೋಡಿಯೇ ಇರಲಿಲ್ಲ. ಸೆರಗು ಹಿಡಿ ಎಂದವನು ನಾನೇ.

ಇನ್ನು ಗುರುಬಾಯಿ ರಂಪ ಮಾಡುತ್ತಾಳೆಂದು ನಾವೆಲ್ಲ ಹೆದರಿದ್ದೆವು. ಆಕೆ ಸೊಸೆಯ ಹತ್ತಿರ ಹೋಗಿ, "ನಿಮ್ಮ ಮಾವ ಇದಽ ಜಡ್ಡಿಗಿ ಕಬ್ಬಿನ ಹೊಲದಾಗ ಹೋದ ಬೇ. ನಾನೂ ಊರಾಗ ಯಾರ ಮುಂದೂ ಹೇಳಿಲ್ಲ. ನನ್ನ ಮುಂದ ಒಂದ ಮಾತು ಹೇಳಿದ್ರ ಏನಾಗ್ತಿತ್ತ?" ಎಂದಳು. ನಮ್ಮ ಮನೆಯಲ್ಲಿ ಅಂಥ ಜಡ್ಡು ಯಾರಿಗೂ ಬಂದಿಲ್ಲವೆಂದು ನನಗೆ ಹೇಳಿದ್ದವಳು ಇವಳೇ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರಿಂದ ಒಬ್ಬರು ಒಂದೇ ರೋಗವನ್ನು ಮುಚ್ಚಿಟ್ಟಿದ್ದರು, ನಾನು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಪ್ರಶ್ನೆ ಕೇಳಿದ್ದೆ.

ಆಗಿನ ದೊಡ್ಡ ಚಿಕಿತ್ಸೆ ಬಹಳ ಕಠಿಣ. ಎರಡು ವರ್ಷದ ಗುಳಿಗೆ, ಅದರಲ್ಲಿ ಮೊದಲ ಆರು ತಿಂಗಳು ಭಾನುವಾರ ಬಿಟ್ಟು ದಿನಾ ಸೂಜಿ. ಆ ವರ್ಷ ಅಂಬಾರಾಯ ಕಬ್ಬಿಗೆ ಹೋಗಲಿಲ್ಲ, ಊರಲ್ಲೇ ಸಿಕ್ಕ ಕೂಲಿ ಮಾಡಿದ. ಗುರುಬಾಯಿ ಸೊಸೆಯನ್ನು ದಿನಾಲೂ ದವಾಖಾನೆಗೆ ಕರೆದುಕೊಂಡು ಬರುತ್ತಿದ್ದಳು, ಸೂಜಿ ಮಾಡಿಸಿ ಒಂದು ತತ್ತಿ ತಿನ್ನಿಸಿ ಮನೆಗೆ ಕರೆದೊಯ್ಯುತ್ತಿದ್ದಳು. ನಾಲ್ಕನೆಯ ತಿಂಗಳಲ್ಲಿ ಕಸ್ತೂರಿ ಕಿವಿಯಲ್ಲಿ ಸದಾ ಸಪ್ಪಳ ಕೇಳುತ್ತದೆ ಅಂದಳು. ಡಾಕ್ಟರಿಗೆ ತಿಳಿಸಿದೆ, ಅವರು ಸೂಜಿ ನಿಲ್ಲಿಸಿ ಬೇರೆ ಔಷಧ ಬರೆದರು. ಅಷ್ಟರಲ್ಲಿ ತಡವಾಗಿತ್ತು. ಎರಡು ವರ್ಷದ ಕೊನೆಗೆ ಅವಳ ಕಫ ಸ್ವಚ್ಛವಾಯಿತು, ಕಿವಿ ಪೂರಾ ಹೋಯಿತು.

ನನ್ನ ತಪ್ಪನ್ನು ನಾನೇ ಡಾಕ್ಟರ ಮುಂದೆ ಹೇಳಿಕೊಂಡೆ. ಅವರು ಬೈಯಲಿಲ್ಲ. ಮೊದಲೇ ತಿಳಿದಿದ್ದರೂ ಸೂಜಿ ತಪ್ಪುತ್ತಿರಲಿಲ್ಲವೇನೋ ಎಂದರು. ಆ ಐದು ತಿಂಗಳಲ್ಲಿ ರೋಗ ಗಟ್ಟಿಯಾಯಿತೋ, ಕಬ್ಬಿನ ಹೊಲದಲ್ಲೇ ಆಗಿತ್ತೋ ಯಾರೂ ಹೇಳಲಾರರು ಎಂದರು. ಸಮಾಧಾನಕ್ಕೆ ಹೇಳಿದ ಮಾತು, ಸುಳ್ಳೂ ಅಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ. ಡಬ್ಬಿ ಕೊಡದವನೂ ನಾನು, ಹೊಸ ರೋಗಿ ಎಂದು ಬರೆದವನೂ ನಾನು. ಎರಡೂ ಕಡೆ ನನ್ನದೇ ಅಕ್ಷರವಿದೆ.

ಮರುದಿನವೇ ದಾಖಲೆ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ. ತವರಿನ ಹೆಸರು, ತವರೂರು. ಮದುವೆಯಾದ ಹೆಣ್ಣುಮಕ್ಕಳನ್ನೆಲ್ಲ ಮತ್ತೆ ಕೇಳಿ ತುಂಬಿದೆ. ಅಫಜಲಪುರದಲ್ಲಿ ಊರು ಬಿಟ್ಟವರೆಂದು ಬರೆದ ಇನ್ನೂ ಕೆಲವರು ಆಳಂದದಲ್ಲಿ, ಜೇವರ್ಗಿಯಲ್ಲಿ ಬೇರೆ ಹೆಸರಿನಿಂದ ಸಿಕ್ಕರು. ಪ್ರಶ್ನೆಯನ್ನು ಅತ್ತೆಯ ಮುಂದೆ, ಗಂಡನ ಮುಂದೆ ಕೇಳುವುದನ್ನು ಬಿಟ್ಟೆ. "ತೂಕ ನೋಡಬೇಕು" ಎಂದು ನೆವ ಹೇಳಿ ರೋಗಿಯೊಬ್ಬಳನ್ನೇ ಒಳಗೆ ಕರೆಯುತ್ತಿದ್ದೆ. ದಸರೆಗೆ ಮೊದಲು ಮುಕಾದಮರ ಮನೆಗೆ ಹೋಗುತ್ತಿದ್ದೆ, ಯಾವ ಕಡೆ ಟೋಳಿ ಇಳಿಯುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರುವುದಿಲ್ಲ. ಜೇವರ್ಗಿಯ ಒಬ್ಬ ಮುಕಾದಮ ತನ್ನ ಟೋಳಿಯ ಇಬ್ಬರು ರೋಗಿಗಳ ಗುಳಿಗೆಯನ್ನು ತಾನೇ ಒಯ್ದು, ವಾರಕ್ಕೆ ಮೂರು ದಿನ ತಪ್ಪದೆ ತನ್ನೆದುರಿಗೆ ನುಂಗಿಸಿ, ಯುಗಾದಿಗೆ ಖಾಲಿ ಪಟ್ಟಿಗಳನ್ನು ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದ. ನಿಯಮ ಮೀರಿ ಅವನ ಕೈಗೆ ಔಷಧ ಕೊಟ್ಟಿದ್ದೆ. ಡಾಕ್ಟರು ಖಾಲಿ ಪಟ್ಟಿಗಳನ್ನು ಎಣಿಸಿ ನೋಡಿ, ಲೆಕ್ಕವನ್ನು ತಾವೇ ನನ್ನ ಪುಸ್ತಕದಲ್ಲಿ ಬರೆದರು.

ಈಗ ನಿಮ್ಮ ಕಾಲ ಒಳ್ಳೆಯದು. ಯಂತ್ರಕ್ಕೆ ಕಫ ಹಾಕಿದರೆ ಎರಡು ತಾಸಿನಲ್ಲಿ ರೋಗ ಇದೆಯೋ, ಮುಖ್ಯ ಔಷಧಕ್ಕೆ ಬಗ್ಗುತ್ತದೋ ಎಂದು ತಿಳಿಯುತ್ತದೆ. ಕಿವಿ ತೆಗೆಯುವ ಸೂಜಿ ಹೋಗಿ ಬರೀ ಗುಳಿಗೆ ಬಂದಿದೆ. ಔಷಧವನ್ನು ರೋಗಿಯ ಕೈಗೇ ಕೊಡುತ್ತೀರಿ, ಕಂಪ್ಯೂಟರಿನಲ್ಲಿ ರೋಗಿಗೆ ಒಂದು ನಂಬರ್ ಇರುತ್ತದೆ, ಯಾವ ರಾಜ್ಯಕ್ಕೆ ಹೋದರೂ ಸಿಗಬೇಕು. ಸಿಗಬೇಕು ಎಂದೇ ಬರೆಯುತ್ತಿದ್ದೇನೆ. ಎಷ್ಟೋ ಸಲ ಅಲ್ಲಿರುವ ಫೋನ್ ನಂಬರ್ ಗಂಡನದೋ ಮುಕಾದಮನದೋ ಆಗಿರುತ್ತದೆ, ರೋಗಿಗೆ ಫೋನೇ ಇರುವುದಿಲ್ಲ. ಆಧಾರ ಕಾರ್ಡಿನಲ್ಲಿ ಒಂದು ಹೆಸರು, ಕರೆಯುವುದು ಇನ್ನೊಂದು. ಪರದೆಯ ಮೇಲಿನಿಂದ ಕಣ್ಣೆತ್ತಿ ಒಮ್ಮೆ ರೋಗಿಯ ಮುಖ ನೋಡಿ. ಅವರು ನಿಮ್ಮನ್ನು ನೋಡುತ್ತಲೇ ಇರುತ್ತಾರೆ.

ಇದನ್ನು ಬರೆಯುವ ಮೊದಲು ಕಸ್ತೂರಿಯನ್ನು ಕೇಳಬೇಕೆನಿಸಿತು. ಹೋದ ತಿಂಗಳು ನರೋಣಾಕ್ಕೆ ಹೋದೆ. ಗುರುಬಾಯಿ ತೀರಿಕೊಂಡಿದ್ದಾಳೆ, ವಯಸ್ಸಾಗಿತ್ತು. ಕಸ್ತೂರಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕುಳಿತಿದ್ದಳು. ನಾನು ಬಾಗಿಲು ದಾಟಿದ್ದು ಅವಳಿಗೆ ಕೇಳಿಸಲಿಲ್ಲ, ನೆರಳು ಬಿದ್ದಾಗ ತಲೆ ಎತ್ತಿದಳು. ಕೂದಲು ಬೆಳ್ಳಗಾದ, ಕನ್ನಡಕ ಬಂದ ನನ್ನನ್ನು ಕಂಡ ಕೂಡಲೇ ಎದ್ದು, ಕಿವಿ ಇಲ್ಲದವರು ಮಾತಾಡುವಂತೆ ಜೋರಾಗಿ, "ಬರ್ರಿ ಸಾಹೇಬ್ರೆ" ಎಂದಳು. ಅಂಬಾರಾಯ ಕುರ್ಚಿ ತಂದಿಟ್ಟ.

ಬಂದ ಕಾರಣ ಅವನಿಗೆ ಹೇಳಿದೆ. ನಿನ್ನ ಹೆಂಡತಿಯ ಕತೆ ಬರೆಯಬೇಕೆಂದಿದ್ದೇನೆ, ಖರೆ ಹೆಸರು ಹಾಕುವುದಿಲ್ಲ, ಬದಲಿಸುತ್ತೇನೆ, ಬೇಡ ಅಂದರೆ ಬರೆಯುವುದೇ ಇಲ್ಲ. ಅವನು ಅವಳ ಎದುರು ಕುಕ್ಕರಗಾಲಲ್ಲಿ ಕುಳಿತು, ಒಂದೊಂದೇ ಮಾತನ್ನು ತುಟಿ ಕಾಣುವಂತೆ ನಿಧಾನವಾಗಿ ಹೇಳಿದ. ಅವಳು ಅವನ ಬಾಯಿಯನ್ನೇ ನೋಡುತ್ತ ಎಲ್ಲವನ್ನೂ ತಿಳಿದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ಅವತ್ತು ಬಾಗಿಲಲ್ಲಿ ನಿಂತು ನೋಡಿದ ಹಾಗೆಯೇ ನೋಡಿದಳು, ಈ ಸಲ ಸೆರಗು ಹೆಗಲ ಮೇಲಿತ್ತು.

"ಬದಲಿ ಮಾಡ್ರಿ, ಅಡ್ಡಿ ಇಲ್ಲ. ಆದ್ರ ಹೆಸರು ಎರಡು ಬರೀರಿ. ಒಂದಽ ಬರದ್ರ ನಿಮಗ ಮತ್ತ ನನ್ನ ಗುರ್ತ ಸಿಗಂಗಿಲ್ಲ."